ಪರದೇಶದ ಸರ್ಕಾರವನ್ನು ಮೂರು ಸಲ ಕೂಗಿದೆವು

ಕೋರ್ಟಿನ ನೌಕರಿಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಸರ್, ನಿಮ್ಮ ಅನುಭವದ ಮಾತು ಒಂದೀಟು ಹೇಳ್ರಿ" ಅನ್ನುತ್ತಾರೆ. ಅವರಿಗೆ ನಿಜಕ್ಕೂ ಬೇಕಾದದ್ದು ಬಡ್ತಿ ಯಾವಾಗ, ವರ್ಗ ಎಲ್ಲಿಗೆ ಎಂಬ ಸುದ್ದಿ ಎಂದು ನನಗೆ ಗೊತ್ತು. ಬಡ್ತಿ ತಲೆಗೂದಲು ಹಣ್ಣಾದ ಹಾಗೆ ತನ್ನಷ್ಟಕ್ಕೆ ಬರುತ್ತದೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳುವುದಿದ್ದರೆ ನಾನು ಮಾಡಿದ ತಪ್ಪುಗಳನ್ನು ಹೇಳಬೇಕು. ಅದರಲ್ಲೂ ಒಂದು ತಪ್ಪು ಎಷ್ಟು ದೊಡ್ಡದಾಗಿತ್ತೆಂದರೆ ದಿಲ್ಲಿಯವರೆಗೆ ಸುದ್ದಿ ಹೋಗಿತ್ತು.

ನಾನು ಸೊರಟೂರಿನವನು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಗುಡಿಯ ಪೂಜೆ. ಊರವರೆಲ್ಲ ನಮ್ಮನ್ನು ಪೂಜಾರ ಎಂದೇ ಕರೆಯುವುದು. ನಾನೊಬ್ಬ ಗಂಟೆ ಬಿಟ್ಟು ಕಾಗದ ಹಿಡಿದೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಸುತ್ತಿ, ಕಡೆಗೆ ಗದಗಿನ ಒಂದು ಸಿವಿಲ್ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದೆ. ಶಿರಸ್ತೇದಾರ ಅಂದರೆ ಕೋರ್ಟಿನ ಕಚೇರಿಗೆ ಹಿರಿಯ. ಯಾರೇ ದಾವೆ ಹಾಕಲಿ, ಆ ಕಾಗದ ನ್ಯಾಯಾಧೀಶರ ಮೇಜಿಗೆ ಹೋಗುವ ಮೊದಲು ಅವನ ಕಣ್ಣಿನ ಕೆಳಗೆ ಹಾಯಬೇಕು. ಏನಾದರೂ ಕೊರತೆ ಕಂಡರೆ ಅವನು ಅಂಚಿನಲ್ಲಿ ಆಕ್ಷೇಪಣೆ ಬರೆದು ವಕೀಲರಿಗೆ ತಿರುಗಿ ಕೊಡುತ್ತಾನೆ.

ನನಗೆ ಈ ಕೆಲಸ ಕಲಿಸಿದವರು ಶಿರಹಟ್ಟಿಯಲ್ಲಿ ನನ್ನ ಮೊದಲ ಮೇಲಧಿಕಾರಿಯಾಗಿದ್ದ ಜೋಶಿ ರಾಯರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಫೈಲು ಎಸೆದರೆ ವರಾಂಡ ದಾಟಿ ಅಂಗಳಕ್ಕೆ ಬೀಳಬೇಕು, ಅಂಥ ಕೈ. ಆದರೆ ಓದು ಬಾರದವರು ಬಂದರೆ ಅದೇ ಮನುಷ್ಯ ಬೆಣ್ಣೆ. ಕೇಸು ಮುಗಿದ ಮೇಲೆ ಕಕ್ಷಿದಾರರ ಮೂಲ ಕಾಗದಗಳನ್ನು ಅವರಿಗೆ ತಿರುಗಿ ಕೊಡುತ್ತೇವಲ್ಲ, ಆಗ ರಾಯರ ಒಂದು ಕಟ್ಟುನಿಟ್ಟು ಇತ್ತು. ಓದು ಬಾರದವರಿಗೆ ಕಾಗದ ಸುಮ್ಮನೆ ಕೈಗಿಡಬಾರದು. ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. "ಅವ್ರ ಕಾಗದದಾಗ ಏನೈತಿ ಅಂತ ಅವ್ರಿಗೇ ಗೊತ್ತಿರಂಗಿಲ್ಲಲೇ ಪೂಜಾರ. ನೀನೂ ಓದ್ಲಿಲ್ಲಂದ್ರ ಇನ್ಯಾರು ಓದ್ತಾರ?" ಅನ್ನುತ್ತಿದ್ದರು. ಆ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ನಾನು ಮಾತ್ರ ನಿವೃತ್ತಿಯ ದಿನದವರೆಗೆ ಅದನ್ನು ಬಿಡಲಿಲ್ಲ.

ಮುಂಡರಗಿಯಲ್ಲಿ ಕಾರಕೂನನಾಗಿದ್ದಾಗ ಇನ್ನೊಂದು ಪಾಠ ಕಲಿತೆ. ಒಂದು ಹೊಲದ ದಾವೆಯಲ್ಲಿ ಪ್ರತಿವಾದಿಯ ಹೆಸರು ಬಸಪ್ಪ. ಸಮನ್ಸಿನಲ್ಲಿ ತಂದೆಯ ಹೆಸರು ಬರೆಯದೆ ಬೇಲೀಫನ ಕೈಗೆ ಕೊಟ್ಟುಬಿಟ್ಟೆ. ಅವನು ಆ ಓಣಿಯಲ್ಲಿ ಸಿಕ್ಕ ಮೊದಲ ಬಸಪ್ಪನಿಗೆ ಮುಟ್ಟಿಸಿ ಬಂದ. ಆ ಪುಣ್ಯಾತ್ಮ ಮೂರು ತಾರೀಖು ಬುತ್ತಿ ಕಟ್ಟಿಕೊಂಡು ಬಂದು, ಕೂಗಿದಾಗ ಓ ಎಂದು, ಕೈ ಮುಗಿದು ನಿಂತ. ಮೂರನೆಯ ಸಲ ನ್ಯಾಯಾಧೀಶರು ಹೊಲದ ಬಗ್ಗೆ ಕೇಳಿದರೆ, "ನನಗ ಹೊಲಾನ ಇಲ್ರಿ ಸಾಹೇಬ್ರ, ನಾ ಕಟಿಂಗ್ ಮಾಡಾಂವ" ಅಂದ. ಮತ್ತೇಕೆ ಬಂದೆಯೋ ಎಂದು ಕೇಳಿದರೆ, "ಕೋರ್ಟು ಕರದೈತಿ ಅಂದ ಮ್ಯಾಲ ಬರಬೇಕಲ್ರಿ" ಎಂದ. ಕೋರ್ಟೆಲ್ಲ ನಕ್ಕಿತು, ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ತಂದೆಯ ಹೆಸರು, ವಯಸ್ಸು, ಉದ್ಯೋಗ, ಊರು ಈ ನಾಲ್ಕೂ ಇಲ್ಲದ ಯಾವ ಅರ್ಜಿಯನ್ನೂ ನಾನು ಮುಂದಕ್ಕೆ ಬಿಟ್ಟವನಲ್ಲ. ವಕೀಲರು ಬೆನ್ನ ಹಿಂದೆ ನನ್ನನ್ನು 'ನಾಲ್ಕು ಕಾಲಂ ಪೂಜಾರ' ಎನ್ನುತ್ತಿದ್ದರು. ಅನ್ನಲಿ.

ಇನ್ನು ಆ ದೊಡ್ಡ ಕೇಸಿಗೆ ಬರುತ್ತೇನೆ. ಕೊರೋನಾ ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ನಾನಾಗ ಗದಗಿನಲ್ಲಿ ಶಿರಸ್ತೇದಾರ. ಮುಳಗುಂದ ಎಂಬ ವಕೀಲರು ಒಂದು ದಾವೆ ತಂದರು. ತೆಳ್ಳಗಿನ ಮನುಷ್ಯ, ನಾಲಿಗೆ ಮಾತ್ರ ಕತ್ತರಿ. ವಾದಿಯ ನಾಲ್ಕು ಕಾಲಂ ಅಚ್ಚುಕಟ್ಟಾಗಿ ತುಂಬಿತ್ತು. ಖೈರುನಬಿ, ತಂದೆ ಇಮಾಮಸಾಬ, ಉದ್ಯೋಗ ನೇಕಾರಿಕೆ, ಸಾಕೀನ ಬೆಟಗೇರಿ. ಪ್ರತಿವಾದಿಯ ಜಾಗದಲ್ಲಿ ಸಮುದ್ರದಾಚೆಯ ಒಂದು ದೇಶದ ಸರ್ಕಾರದ ಹೆಸರಿತ್ತು. ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈಗ ಅವರ ಮೇಲೆ ನಮಗೆ ಸಿಟ್ಟಿಲ್ಲ.

ನಾನು ಕೆಂಪು ಪೆನ್ನು ತೆಗೆದು ರೂಢಿಯಂತೆ ಬರೆದೆ: 'ಪ್ರತಿವಾದಿಯ ತಂದೆಯ ಹೆಸರು, ವಯಸ್ಸು ಮತ್ತು ಉದ್ಯೋಗ ನಮೂದಿಸಿಲ್ಲ. ಸರಿಪಡಿಸಿ ಹಾಜರುಪಡಿಸುವುದು.'

ವಕೀಲರು ಓದಿ ನನ್ನ ಮುಖ ನೋಡಿದರು. "ಪೂಜಾರ್ರ, ಇದು ಸರ್ಕಾರ ಐತ್ರಿ. ಇದರಪ್ಪ ಯಾರಂತ ಬರೀಲಿ?"

"ನನಗ ಗೊತ್ತಿಲ್ರಿ. ಕಾಲಂ ಖಾಲಿ ಬಿಡಂಗಿಲ್ಲ."

ಅವರು ಅಲ್ಲೇ ನಿಂತು, ತಂದೆಯ ಹೆಸರಿನ ಮುಂದೆ 'ಅನ್ವಯಿಸುವುದಿಲ್ಲ', ವಯಸ್ಸಿನ ಮುಂದೆ 'ಸಜ್ಞಾನ, ಹದಿನೆಂಟು ಮೀರಿದೆ', ಉದ್ಯೋಗದ ಮುಂದೆ 'ರಾಜ್ಯಭಾರ' ಎಂದು ಬರೆದು ಕೊಟ್ಟರು. ನಾಲ್ಕೂ ಕಾಲಂ ತುಂಬಿತು. ನಾನು ಸಮಾಧಾನದಿಂದ ದಾವೆಗೆ ನಂಬರು ಹಾಕಿದೆ. ನೋಡಬೇಕಾದದ್ದನ್ನು ನೋಡಲಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲ ತಾರೀಖಿನ ದಿನ ಪಟ್ಟಿಯಲ್ಲಿ ಆ ಹೆಸರು ನೋಡಿ ನಮ್ಮ ಜವಾನ ಹನಮಪ್ಪ ನನ್ನ ಬಳಿ ಓಡಿ ಬಂದ. "ಸಾಹೇಬ್ರ, ಇದನ್ನೂ ಕೂಗಬೇಕೇನ್ರಿ?" ಎಂದ. ಕೂಗು ಎಂದೆ. ಅವನು ರುಮಾಲು ಸರಿಪಡಿಸಿಕೊಂಡು ವರಾಂಡಕ್ಕೆ ಹೋದ. ಕೆಳಗೆ ಶೇಂಗಾ ಮಾರುವವಳು, ಜಾಮೀನಿಗೆ ಕಾದವರು, ಬೇವಿನ ಗಿಡದ ನೆರಳಲ್ಲಿ ಮಲಗಿದವರು. ಅವರೆಲ್ಲರ ತಲೆಯ ಮೇಲೆ ಹಾಯುವಂತೆ ಹನಮಪ್ಪ ಆ ದೇಶದ ಸರ್ಕಾರದ ಹೆಸರು ಹಿಡಿದು, ಹಾಜರಿದ್ದೀರಾ ಎಂದು ಮೂರು ಸಲ ಕೂಗಿದ. ಶೇಂಗಾ ಮಾರುವವಳು ತಲೆ ಎತ್ತಿ ನೋಡಿದಳು. ಅಬ್ಬಾ, ಕಾನೂನು ಅಂದರೆ ಇದೇನೋ ಅನ್ನಿಸಿತು. ವಿಮಾನ, ಫೌಜು, ಬಂದರು ಎಲ್ಲ ಇಟ್ಟುಕೊಂಡ ಒಂದು ಸರ್ಕಾರವನ್ನು ನಮ್ಮ ಹನಮಪ್ಪ ಹೆಸರು ಹಿಡಿದು ಕರೆಯುತ್ತಿದ್ದಾನೆ. ಕರೆಸಿದವಳು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಬೆಟಗೇರಿಯ ಒಬ್ಬ ನೇಕಾರ ಹೆಂಗಸು.

ಸರ್ಕಾರ ಬರಲಿಲ್ಲ. ಮುಂದಿನ ತಾರೀಖು ಕೊಟ್ಟರು.

ಅಂದು ನಾನು ಖೈರುನಬಿಯವರನ್ನು ಕೇಳಿದೆ. "ಅಲ್ರಿ ಅಕ್ಕಾರ, ಅಷ್ಟ ದೂರದ ಸರ್ಕಾರ ನಿಮ್ಮದೇನ ಹಿಡದ ಇಟ್ಕೊಂಡೈತ್ರಿ?"

"ಅರಬಿ ಸಾಹೇಬ್ರ," ಅಂದರು. ನಮ್ಮ ಕಡೆ ಬಟ್ಟೆಗೆ ಅರಬಿ ಅನ್ನುತ್ತೇವೆ. "ನಮ್ಮ ಮನಿತನದ ನಮೂನಿ ಪಟ್ಟಿ."

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರ ಮನೆತನ ಐದು ತಲೆಮಾರಿನಿಂದ ಸೀರೆ ನೇಯುವುದು. ಮನೆಯಲ್ಲಿ ಒಂದು ಉದ್ದನೆಯ ಪಟ್ಟಿ ಇತ್ತು. ಮನೆಯ ಹಿರಿಯ ನೇಕಾರ ಮಗ್ಗದಿಂದ ಏಳುವ ಕಾಲ ಬಂದಾಗ, ತನಗೆ ಬರುವ ದಡಿಗಳಲ್ಲಿ, ಅಂದರೆ ಸೀರೆಯಂಚಿನ ನಮೂನೆಗಳಲ್ಲಿ, ಎಲ್ಲಕ್ಕಿಂತ ಚೆಂದದ್ದನ್ನು ಅದರಲ್ಲಿ ಒಂದು ಮೊಳ ನೇಯುತ್ತಾನೆ. ನೇಯ್ದು ಮುಗಿಸಿ ತುದಿಯ ಎಳೆಗಳನ್ನು ಕತ್ತರಿಸುವುದಿಲ್ಲ, ಕುಣಿಕೆಗಳನ್ನಾಗಿ ಬಿಡುತ್ತಾನೆ. ಮುಂದಿನವರು ತಮ್ಮ ಹಾಸಿನ, ಅಂದರೆ ಉದ್ದ ಎಳೆಗಳ, ಕುಣಿಕೆಗಳನ್ನು ಒಂದೊಂದಾಗಿ ಅವುಗಳೊಳಗೆ ಕೊಂಡಿ ಹಾಕಿ ತಮ್ಮ ಮೊಳ ನೇಯಬೇಕು. ಇಮಾಮಸಾಬರು ಐದನೆಯ ಮೊಳ ನೇಯ್ದಿದ್ದರು. ಅವರಿಗೆ ಗಂಡುಮಕ್ಕಳಿಲ್ಲ. ಖೈರುನಬಿ ಒಬ್ಬಳೇ ಮಗಳು. ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತುವುದು ಮಾತ್ರ ರೂಢಿಯಾಗಿದ್ದ ಓಣಿಯಲ್ಲಿ ಇವರು ಕುಣಿಮಗ್ಗಕ್ಕೆ ಇಳಿದು ತಂದೆಗೆ ಸಮನಾಗಿ ನೇಯ್ದವರು. ಆರನೆಯ ಮೊಳ ಅವರದಾಗಬೇಕಿತ್ತು.

ಅಷ್ಟರಲ್ಲಿ ಆ ದೇಶದ ಅಧಿಕಾರಿಗಳು ಕೈಮಗ್ಗದ ಪ್ರದರ್ಶನಕ್ಕೆ ಬಟ್ಟೆ ಹುಡುಕುತ್ತ ಬೆಟಗೇರಿಗೆ ಬಂದರು. ಪಟ್ಟಿ ನೋಡಿ ಬೆರಗಾದರು. ಒಂದು ವರ್ಷದಲ್ಲಿ ತಿರುಗಿ ಕೊಡುತ್ತೇವೆ ಎಂದು ಒಯ್ದರು. ಆಮೇಲೆ ವರ್ಷಗಳು ಉರುಳಿದರೂ ಬರಲಿಲ್ಲ. ಇಮಾಮಸಾಬರು ಪತ್ರ ಬರೆಸಿ ಬರೆಸಿ ದಣಿದು, ಅದರ ಹಂಬಲದಲ್ಲೇ ತೀರಿಕೊಂಡರು. ಮಗಳು ವಕೀಲರ ಕೈಯಿಂದ ಕೇಳಿಸಿದಾಗ ಮೊದಲ ಸಲ ಉತ್ತರ ಬಂತು: 'ಸದರಿ ಬಟ್ಟೆಯನ್ನು ನಿಮ್ಮ ತಂದೆಯವರು ನಮ್ಮ ದೇಶಕ್ಕೆ ಉಡುಗೊರೆಯಾಗಿ ಕೊಟ್ಟಿರುತ್ತಾರೆ.'

"ಉಡುಗೊರಿ!" ಎಂದರು ಖೈರುನಬಿ. "ಐದು ಮಂದಿ ಹಿರ್ಯಾರ ಕೈ ಐತಿ ಸಾಹೇಬ್ರ ಅದರಾಗ. ನಮ್ಮ ಅಬ್ಬಾ ನನ್ನ ಸಲವಾಗಿ ಬಿಟ್ಟ ಕುಣಕಿ ಹಂಗಽ ಖಾಲಿ ಅದಾವ. ನನಗ ಒಂದ ಕಣ್ಣ ಆಗ್ಲೇ ಹೋಗೈತಿ, ಇನ್ನೊಂದು ಮಬ್ಬು. ಇದಿರೋ ತನಕಾ ನನ್ನ ಮೊಳ ಕೂಡಿಸಬೇಕು. ಅವ್ರು ಚೌಕಟ್ಟು ಹಾಕಾಕ ಅಂತ ತುದಿ ಕತ್ತರಿಸಿಬಿಟ್ರ ಮುಗೀತು. ಅಲ್ಲಿಗೆ ನಮ್ಮ ಮನಿತನ ಕಡೀತು ಅಂತ ತಿಳೀರಿ."

ಆಕೆಗೆ ಪರಿಹಾರ ಬೇಡ, ಮಾಫಿ ಬೇಡ, ಕಣ್ಣಿರುವಾಗ ಆ ತುದಿ ಬೇಕಿತ್ತು.

ಮುಂದಿನ ತಾರೀಖಿಗೆ ಮೊದಲೇ ನಾವು ಕಳಿಸಿದ ಸಮನ್ಸು ಒಡೆಯದ ಲಕೋಟೆಯಲ್ಲೇ ದಿಲ್ಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯಿಂದ ವಾಪಸು ಬಂತು. ಜೊತೆಗೊಂದು ಪತ್ರ. ನ್ಯಾಯಾಧೀಶರು ನನ್ನನ್ನು ಚೇಂಬರಿಗೆ ಕರೆಸಿದರು. ಮೈಸೂರು ಕಡೆಯ ಮೇಡಂ, ಎಂದೂ ದನಿ ಏರಿಸದವರು. ಅವತ್ತೂ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಪೂಜಾರ್, ಸಿವಿಲ್ ಪ್ರೊಸೀಜರ್ ಕೋಡಿನ ಎಂಬತ್ತಾರನೇ ಸೆಕ್ಷನ್ ಯಾವತ್ತಾದರೂ ಓದಿದ್ದೀರಾ?"

ಓದಿದ್ದೆ. ಪರೀಕ್ಷೆಗೆ ಓದಿ, ಅಂದೇ ಮರೆತಿದ್ದೆ. ನಮ್ಮ ಜಿಲ್ಲೆಯ ಕೋರ್ಟಿನಲ್ಲಿ ಅದರ ಕೆಲಸ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಪರದೇಶದ ಸರ್ಕಾರದ ಮೇಲೆ ನಮ್ಮಲ್ಲಿ ದಾವೆ ಹಾಕಬೇಕಾದರೆ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಕಾರ್ಯದರ್ಶಿಯ ಸಹಿಯಿರುವ ಲಿಖಿತ ಪ್ರಮಾಣಪತ್ರ ಇಲ್ಲದೆ ದಾವೆ ಒಳಗೇ ಬರಬಾರದು. ಆ ಪತ್ರ ಇದೆಯೋ ಇಲ್ಲವೋ ನೋಡಬೇಕಾದವನು ನಾನು. ನಾನು ನೋಡಿದ್ದು ಸರ್ಕಾರದ ಅಪ್ಪನ ಹೆಸರು!

"ನಾನೂ ನಿಮ್ಮ ಸಹಿ ನೋಡಿ ನಂಬಿಬಿಟ್ಟೆ, ನನ್ನದೂ ತಪ್ಪಿದೆ," ಎಂದರು ಮೇಡಂ. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. "ಇದು ಅನ್ಯಾಯದ ಕಾನೂನು ಅಂದ್ಕೋಬೇಡಿ. ಒಂದು ದೇಶ ಇನ್ನೊಂದು ದೇಶವನ್ನ ತನ್ನ ಕಟಕಟೆಗೆ ಎಳೆಯೋದಿಲ್ಲ ಅನ್ನೋದು ಹಳೇ ಮರ್ಯಾದೆ. ನಾಳೆ ನಮ್ಮ ಸರ್ಕಾರವನ್ನ ಅವರ ಯಾವುದೋ ತಾಲ್ಲೂಕಿನ ಜವಾನ ಹೀಗೇ ಕೂಗಿದರೆ ನಿಮಗೆ ಹೇಗನ್ನಿಸುತ್ತೆ?"

ಮೈಯೆಲ್ಲ ಉರಿದೀತು ಎಂದೆ. ಅವರು ನಕ್ಕರು. ನನಗೆ ಅಲ್ಲಿಯವರೆಗೆ ಹನಮಪ್ಪನ ಕೂಗಿನ ಬಲವಷ್ಟೇ ಕಂಡಿತ್ತು. ಆ ಕೂಗಿಗೆ ಅಡ್ಡ ನಿಂತ ಗೋಡೆಯೂ ಅಷ್ಟೇ ಎತ್ತರದ್ದು, ಅದಕ್ಕೂ ಒಂದು ಕಾರಣ ಇದೆ ಎಂಬುದು ಅವತ್ತು ತಿಳಿಯಿತು.

ಮುಳಗುಂದ ವಕೀಲರು ದಾವೆ ಹಿಂದಕ್ಕೆ ಪಡೆದರು. ಒಪ್ಪಿಗೆ ಸಿಕ್ಕರೆ ಮತ್ತೆ ಹಾಕಲು ಕೋರ್ಟು ಅನುಮತಿ ಕೊಟ್ಟಿತು. ಆದರೆ ವಕೀಲರ ಮುಖ ಸಪ್ಪಗಿತ್ತು. "ಒಪ್ಪಿಗಿ ಸಿಗೂದು ಭಾಳ ತ್ರಾಸ ಐತ್ರಿ," ಎಂದು ನನ್ನೆದುರೇ ಖೈರುನಬಿಯವರಿಗೆ ಹೇಳಿದರು. "ಆ ಸರ್ಕಾರ ನಮ್ಮ ಕೋರ್ಟಿನ ಹದ್ದಿನೊಳಗ ವ್ಯಾಪಾರ ಮಾಡಬೇಕು, ಇಲ್ಲಾ ಇಲ್ಲೆ ಅವರ ಜಾಗಾ ಇರಬೇಕು, ಇಲ್ಲಾ ಅವ್ರಽ ಬಾಯಿಬಿಟ್ಟು 'ನಮಗ ಆ ರಕ್ಷಣಿ ಬ್ಯಾಡ, ನಿಮ್ಮ ಕೋರ್ಟಿಗೆ ಬರ್ತೀವಿ' ಅಂದಿರಬೇಕು. ಯಾವ ಸರ್ಕಾರ ಹಂಗ ಅಂತದ್ರಿ?"

ಕೆಲವು ದಿನಗಳ ನಂತರ ಮೂಲ ಕಾಗದಗಳನ್ನು ತಿರುಗಿ ಕೊಡುವ ಕೆಲಸ ಬಂತು. ಕಾಗದ ಎರಡೇ. ಒಂದು ಆ ದೇಶದವರ ಇಂಗ್ಲಿಷ್ ಫಾರಂ. ಇನ್ನೊಂದು ನಮ್ಮ ಬಾಂಡ್ ಪೇಪರ್ ಮೇಲೆ ಕನ್ನಡದಲ್ಲಿ ಬರೆದ ಕರಾರುಪತ್ರ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಕಡೆ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡಲಿ, ಎತ್ತು ಕೊಡಲಿ, ತಹಶೀಲ್ದಾರ ಕಚೇರಿಯ ಮುಂದೆ ಕೂಡುವ ಬರಹಗಾರನಿಂದ ಒಂದು ಬಾಂಡ್ ಬರೆಸದಿದ್ದರೆ ಜೀವಕ್ಕೆ ನೆಮ್ಮದಿ ಇಲ್ಲ. ಇಮಾಮಸಾಬರೂ ಹಾಗೇ ಬರೆಸಿದ್ದರು. ಆ ದೇಶದ ಅಧಿಕಾರಿ, ಮುದುಕನ ಸಮಾಧಾನಕ್ಕೆ ಎಂದೋ ಏನೋ, ತಮ್ಮ ಭಾಷೆಯಲ್ಲಿ ಹೇಳಿಸಿಕೊಂಡು ಸಹಿ ಮಾಡಿ ತಮ್ಮ ಸರ್ಕಾರದ ಸಿಕ್ಕಾ ಒತ್ತಿದ್ದರು.

ಖೈರುನಬಿಯವರಿಗೆ ಓದು ಬಾರದು. ವರಾಂಡದ ಬೆಂಚಿನ ಮೇಲೆ ಕೂರಿಸಿ, "ಅಕ್ಕಾರ, ಓದಿ ಹೇಳ್ತೇನಿ, ಕೇಳ್ರಿ" ಎಂದೆ. ವಕೀಲರು ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು. "ಬಿಡ್ರಿ ಪೂಜಾರ್ರ, ಎಲ್ಲಾ ನೋಡೀವಿ" ಅಂದರು. ನಾನು ಬಿಡಲಿಲ್ಲ. ಪಟ್ಟಿಯ ಉದ್ದಗಲ, ದಡಿಗಳ ಹೆಸರು, ಒಂದು ವರ್ಷದ ಗಡುವು, ತುದಿಯ ಕುಣಿಕೆಗಳನ್ನು ಕತ್ತರಿಸಕೂಡದೆಂಬ ಷರತ್ತು, ಎಲ್ಲ ಓದಿದೆ. ಕಡೆಯಲ್ಲಿ ಪ್ರತಿ ಬಾಂಡಿನಲ್ಲೂ ಬರಹಗಾರರು ಕೈ ರೂಢಿಯಿಂದ ಬರೆಯುವ ಸಾಲು ಬಂತು. ಅದರ ಅರ್ಥ ಓದುತ್ತಲೇ ನನಗೆ ಹೊಳೆಯಿತು. 'ಈ ಬಗ್ಗೆ ಯಾವುದೇ ತಂಟೆ ತಕರಾರು ಬಂದಲ್ಲಿ ಉಭಯತರೂ ಗದಗ ಕೋರ್ಟಿಗೆ ಒಳಪಟ್ಟು, ಅಲ್ಲಿಯ ತೀರ್ಪಿಗೆ ಬದ್ಧರಿರುತ್ತೇವೆ.'

ನಾನು ಕೋರ್ಟಿನ ನೌಕರ. ಒಂದು ಕಡೆಯವರಿಗೆ ದಾರಿ ತೋರಿಸುವಂತಿಲ್ಲ, ತೋರಿಸಿದರೆ ದ್ರೋಹ. ಸಾಲು ಮುಗಿಸಿ ಸಹಿಯ ಹೆಸರು ಓದಿದೆ, ಸಿಕ್ಕಾ ಯಾವ ಸರ್ಕಾರದ್ದೆಂದು ಓದಿದೆ, ಕಾಗದ ಮಡಿಚಿದೆ. ತಲೆ ಎತ್ತಿದರೆ ವಕೀಲರು ಗಡಿಯಾರ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ಓದ್ರಿ," ಅಂದರು.

"ಏನ್ರಿ?"

"ಆ ಕಡೀ ಸಾಲು. ಇನ್ನೊಮ್ಮೆ ಓದ್ರಿ ಪೂಜಾರ್ರ, ನಿಮ್ಮ ಕಾಲಿಗೆ ಬೀಳ್ತೇನಿ!"

ಓದಿದೆ. ವಕೀಲರು ಬೆಂಚಿನ ಮೇಲೆ ದೊಪ್ಪನೆ ಕುಳಿತರು. "ಎಂಥಾ ಹುಚ್ಚ ನನ್ಮಗ ನಾನು! ದಿನಾ ಹತ್ತು ಬಾಂಡಿನಾಗ ಈ ಸಾಲು ನೋಡ್ತೇನಿ, ಅದಕ್ಕಽ ಇದನ್ನ ಓದ್ಲೇ ಇಲ್ಲ. ಅಕ್ಕಾರ, ನಿಮ್ಮಪ್ಪ ಆ ಸರ್ಕಾರದ ಬಾಯಿಂದ ನಮ್ಮ ಕೋರ್ಟಿಗೆ ಬರ್ತೀವಿ ಅಂತ ಬರಸ್ಕೊಂಡಾನ್ರಿ!"

ಖೈರುನಬಿಯವರು ಸೆರಗು ಸರಿಪಡಿಸಿಕೊಂಡು, "ಅದೇನ ದೊಡ್ಡದ್ರಿ? ಯಾರ ಒಯ್ದ್ರೂ ನಮ್ಮ ಅಬ್ಬಾ ಹಂಗಽ ಬರಸ್ತಿದ್ದ" ಅಂದರು.

ಆ ಬರಹಗಾರ ಯಾರೋ ನನಗೆ ಗೊತ್ತಿಲ್ಲ. ಸಹಿ ತಿಳಿಯುವಂತಿರಲಿಲ್ಲ. ಛತ್ರಿಯ ಕೆಳಗೆ ಕೂತು, ಎತ್ತಿನ ಬಾಂಡಿಗೂ ಬಾಡಿಗೆ ಬಾಂಡಿಗೂ ಬರೆಯುವ ಸಾಲನ್ನೇ ಇದಕ್ಕೂ ಬರೆದು, ಚಹಾ ಕುಡಿಯಲು ಎದ್ದು ಹೋಗಿರಬೇಕು. ಒಂದು ದೇಶದ ಸಾರ್ವಭೌಮ ರಕ್ಷಣೆ ಆ ಒಂದು ಸಾಲಿನಿಂದ ಸಡಿಲಗೊಂಡಿತ್ತು. ನಾನು ಅಂದು ಮನೆಗೆ ಹೋಗಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಹೆಂಡತಿ ಮೈ ಮುಟ್ಟಿ ನೋಡಿ, "ಜ್ವರ ಬಂದಾವೇನ್ರಿ?" ಎಂದು ಕೇಳಿದಳು.

ದಿಲ್ಲಿಗೆ ಅರ್ಜಿ ಹೋಯಿತು. ಕಾಯುವುದು ಶುರುವಾಯಿತು. ಅದರ ನಡುವೆ ಕೊರೋನಾ ಬಂದು ಎಲ್ಲ ಬಾಗಿಲು ಮುಚ್ಚಿ ಮತ್ತೆ ತೆರೆದವು. ಅಷ್ಟು ದಿನವೂ ಖೈರುನಬಿಯವರ ಉಳಿದ ಒಂದು ಕಣ್ಣೂ ಮಂಕಾಗುತ್ತಲೇ ಹೋಯಿತು. ಪೇಟೆಯಲ್ಲಿ ಎದುರಾದರೆ ನನ್ನ ದನಿ ಕೇಳಿದ ಮೇಲೆಯೇ ಗುರುತು ಹಿಡಿಯುತ್ತಿದ್ದರು. ಕಡೆಗೆ ಬಂದು ಹೇಳಿಕೆ ಕೊಡಿ ಎಂದು ದಿಲ್ಲಿಯಿಂದ ಪತ್ರ ಬಂತು. ವಕೀಲರೊಂದಿಗೆ ರೈಲು ಹತ್ತಿ ಹೋಗಿ ಬಂದರು. ಅಲ್ಲಿ ಏನು ಹೇಳಿದಿರಿ ಎಂದು ಆಮೇಲೆ ಕೇಳಿದೆ.

"ನಾ ಏನ ಹೇಳ್ಲಿ ಅಣ್ಣಾರ. ಉಡುಗೊರಿ ಕೊಡೋರು ಬಾಂಡ್ ಪೇಪರ ಯಾಕ ಬರಸ್ತಾರ್ರಿ ಅಂತ ಕೇಳ್ದೆ. ಅವ್ರು ಕನ್ನಡ ಬಲ್ಲವ್ರನ್ನ ಕರಸಿ ತಿಳಕೊಂಡ್ರು. ಆಮ್ಯಾಲ ದೊಡ್ಡ ಸಾಹೇಬ್ರು ಬಾಂಡ್ ತಗೊಂಡು ಭಾಳೊತ್ತು ನೋಡಿದ್ರು."

ಒಪ್ಪಿಗೆ ಬಂತು. ಕಾರ್ಯದರ್ಶಿಯ ಸಹಿಯಿದ್ದ ಆ ಪ್ರಮಾಣಪತ್ರವನ್ನು ವಕೀಲರು ನನ್ನ ಮೇಜಿನ ಮೇಲೆ ಇಟ್ಟಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಈ ಸಲ ದಾವೆ ಕಂಪ್ಯೂಟರಿನಲ್ಲಿ ಸೇರಿಸಬೇಕಿತ್ತು, ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ನಮ್ಮ ಕಾರಕೂನಿ ಸವಿತಾ ಕೀಲಿ ಒತ್ತಿ ಒತ್ತಿ ಸೋತು, "ಸರ್, ವಯಸ್ಸಿನ ಕಾಲಂ ಖಾಲಿ ಬಿಟ್ರ ಮುಂದಕ್ಕ ಹೋಗವಲ್ದು" ಅಂದಳು. ನಾನು ವಕೀಲರ ಮುಖ ನೋಡಿದೆ, ಅವರು ಕಿಟಕಿಯ ಕಡೆ ನೋಡಿದರು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಈ ಸಲ ಆ ಸರ್ಕಾರ ಓಗೊಟ್ಟಿತು. ಕರಿಕೋಟಿನ ದೊಡ್ಡ ವಕೀಲರು ಬೆಂಗಳೂರಿನಿಂದ ಬಂದು, ಬಾಂಡ್ ಬರಹಗಾರನ ಒಂದು ರೂಢಿಯ ಸಾಲಿನಿಂದ ಒಂದು ರಾಷ್ಟ್ರ ತನ್ನ ರಕ್ಷಣೆ ಬಿಟ್ಟುಕೊಟ್ಟಿತೆನ್ನುವುದು ಹಾಸ್ಯಾಸ್ಪದ ಎಂದು ವಾದಿಸಿದರು. ಮೇಡಂ ಅವರಿಗೆ ವರ್ಗವಾಗಿ ಬೇರೆ ನ್ಯಾಯಾಧೀಶರು ಬಂದಿದ್ದರು. ಅವರು ಸಿಕ್ಕಾ ತೋರಿಸಿ ಒಂದೇ ಪ್ರಶ್ನೆ ಕೇಳಿದರು: ಇದು ನಿಮ್ಮದು ಹೌದೋ ಅಲ್ಲವೋ? ಹೌದು ಎನ್ನಲೇಬೇಕಾಯಿತು. ಬಟ್ಟೆ ಉಡುಗೊರೆಯಲ್ಲ, ಎರವಲು, ತಿರುಗಿ ಕೊಡತಕ್ಕದ್ದು ಎಂದು ಡಿಕ್ರಿ ಆಯಿತು.

ಆದರೆ ಕೇಳಿ, ಎಂಬತ್ತಾರನೇ ಸೆಕ್ಷನ್ ಅಲ್ಲಿಗೂ ಬಿಡುವುದಿಲ್ಲ. ಡಿಕ್ರಿ ಜಾರಿ ಮಾಡಲು ಮತ್ತೆ ಕೇಂದ್ರದ ಒಪ್ಪಿಗೆ ಬೇಕು. ಬೇಲೀಫನನ್ನು ಕಳಿಸಿ ಆ ದೇಶದ ಕಪಾಟು ಒಡೆಸುವಂತಿಲ್ಲ. ಖೈರುನಬಿಯವರು ಡಿಕ್ರಿಯ ನಕಲನ್ನು ಬೆರಳಿನಿಂದ ಸವರಿ, "ಮತ್ತ ದಿಲ್ಲಿನಾ?" ಎಂದಷ್ಟೇ ಕೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ನನ್ನ ತಪ್ಪಿನಿಂದ ಆ ಕಣ್ಣಿನ ಎಷ್ಟು ಬೆಳಕು ಸುಮ್ಮನೆ ಹಾಳಾಯಿತು ಎಂಬ ಲೆಕ್ಕ ನನ್ನನ್ನು ಬಿಡದೆ ಕಾಡುತ್ತಿತ್ತು. ಅದೇ ಭಾರ ಹೊತ್ತು ನಾನು ನಿವೃತ್ತನಾದೆ. ಹಾರ ಹಾಕಿದರು, ಭಾಷಣ ಮಾಡಿದರು. ನನಗೆ ಏನೂ ಕೇಳಿಸಲಿಲ್ಲ.

ಐದಾರು ತಿಂಗಳ ಮೇಲೆ ಸವಿತಾ ಫೋನು ಮಾಡಿದಳು. "ಸರ್, ಜಲ್ದಿ ಬರ್ರಿ. ಆ ಸರ್ಕಾರದವ್ರು ಪೆಟ್ಟಿಗಿ ತಂದಾರ."

ಹೋದೆ. ಕಚೇರಿಯ ಉದ್ದ ಮೇಜಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಆ ದೇಶದ ಒಬ್ಬ ತರುಣ ಅಧಿಕಾರಿ, ಅವನ ಮಾತು ತಿಳಿಸಲು ಒಬ್ಬರು, ಮುಳಗುಂದ ವಕೀಲರು, ಖೈರುನಬಿ. ಅಧಿಕಾರಿ ಪತ್ರ ಓದಿದ. ಈ ನ್ಯಾಯಾಲಯದ ಅಧಿಕಾರವನ್ನು ಒಪ್ಪದೆ, ಎರಡು ದೇಶಗಳ ಸ್ನೇಹದ ಕುರುಹಾಗಿ ಈ ಬಟ್ಟೆಯನ್ನು ಕೊಡುತ್ತಿದ್ದೇವೆ ಎಂದು ಅದರ ಸಾರಾಂಶ. ವಕೀಲರಿಗೆ ರೇಗಿ ಏನೋ ಹೇಳಹೊರಟರು. ಖೈರುನಬಿ ಕೈ ಅಡ್ಡ ಹಿಡಿದರು. "ಸ್ನೇಹ ಅಂದ್ರ ಸ್ನೇಹ, ಇರ್ಲಿ ಬಿಡ್ರಿ. ಮೊದ್ಲ ತೆಗೀರಿ ಅದನ್ನ."

ಪೆಟ್ಟಿಗೆ ತೆರೆದರು. ನಾನು ಆ ಪಟ್ಟಿಯನ್ನು ಮೊದಲ ಸಲ ನೋಡಿದ್ದು ಆಗ. ಐದು ಮೊಳ, ಐದು ಮಂದಿಯ ಕೈ. ಕೆಂಪು ದಡಿಯ ಮೇಲೆ ಹೊಳೆಯುವ ಗೋಮಿ ನಮೂನೆಯ ಸಾಲು ನೋಡಿ ಹನಮಪ್ಪ ಗುಡಿಯ ಮುಂದೆ ನಿಂತವನಂತೆ ಚಪ್ಪಲಿ ಬಿಟ್ಟು ಹಿಂದೆ ಸರಿದ. ಖೈರುನಬಿ ದಡಿಗಳ ಕಡೆ ನೋಡಲೂ ಇಲ್ಲ. ಮೇಜು ಸವರುತ್ತ ನೇರವಾಗಿ ತುದಿಗೆ ಹೋದರು. ಬಗ್ಗಿ, ಬೆರಳಿನಿಂದ ಕುಣಿಕೆಗಳನ್ನು ಹುಡುಕಿದರು. ಆ ಬೆರಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಹೋಯಿತು.

"ಅದಾವ," ಎಂದರು. ಮತ್ತೆ, "ಎಲ್ಲಾ ಅದಾವ. ಒಂದೂ ಹೋಗಿಲ್ಲ." ಆಮೇಲೆ ಬೆರಳು ನಿಂತಿತು. "ಇದೇನಿದು?"

ನಾನು ಬಗ್ಗಿ ನೋಡಿದೆ. ಪ್ರತಿಯೊಂದು ಕುಣಿಕೆಯೊಳಗೂ ಹಾಯುವಂತೆ ಒಂದು ತೆಳ್ಳನೆಯ ಬಿಳಿ ದಾರ ಪೋಣಿಸಿದ್ದರು. ಕುಣಿಕೆಗಳು ಜಾರದಂತೆ, ಎಳೆಯದಂತೆ, ಅಳತೆ ಕೆಡದಂತೆ. ಎರಡೂ ಕೊನೆಗೆ ಸಣ್ಣ ಗಂಟು.

"ಇದು ಆಫೀಸಿನವ್ರು ಮಾಡೋ ಕೆಲ್ಸ ಅಲ್ರಿ," ಅಂದರು ಖೈರುನಬಿ. ದನಿ ಪಿಸುಮಾತಾಗಿತ್ತು. "ಮಗ್ಗದ ಮುಂದ ಕುಂತ ಕೈ ಇದು. ಈ ಗಂಟು ನೋಡ್ರಿ. ಮುಂದ ಯಾರೋ ಬಂದು ಕೂಡಸ್ತಾರ ಅಂತ ಗೊತ್ತಿದ್ದವ್ರು ಹಾಕಿದ್ದು." ಅಧಿಕಾರಿಯ ಕಡೆ ತಿರುಗಿ, "ಇದನ್ನ ಮಾಡಿದವ್ರ ಹೆಸರೇನಂತ ಕೇಳ್ರಿ" ಎಂದರು.

ಅವನಿಗೆ ಗೊತ್ತಿರಲಿಲ್ಲ. ಅವರ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಬಟ್ಟೆ ಕಾಪಾಡುವ ಹೆಂಗಸರಿದ್ದಾರೆ, ಅವರಲ್ಲಿ ಯಾರೋ ಇರಬೇಕು ಎಂದ. ಬರೆದು ಕೇಳುತ್ತೇನೆ ಎಂದ. ಉತ್ತರ ಈವರೆಗೂ ಬಂದಿಲ್ಲ.

ಎರಡು ತಿಂಗಳ ನಂತರ ಖೈರುನಬಿ ಹೇಳಿ ಕಳಿಸಿದರು. ಬೆಟಗೇರಿಗೆ ಹೋದೆ. ಆರನೆಯ ಮೊಳ ಮುಗಿದಿತ್ತು. ಕಣ್ಣಿನಿಂದ ಮಾಡಲಾಗದ್ದನ್ನು ಬೆರಳಿನಿಂದ ತಡವಿ ತಡವಿ ಕೊಂಡಿ ಹಾಕಿದ್ದರು. ಎರಡು ಕಡೆ ಎಳೆ ತಪ್ಪಿದೆ ಎಂದು ತಾವೇ ತೋರಿಸಿ ನಕ್ಕರು. ತಂದೆಯ ಮೊಳವೂ ಮಗಳ ಮೊಳವೂ ಕೂಡುವ ಗೆರೆಯಲ್ಲಿ ಆ ಬಿಳಿ ದಾರ ಹಾಗೇ ಇತ್ತು.

"ಇದನ್ನ ತೆಗೀಬೇಕಿತ್ತಲ್ರಿ ಅಕ್ಕಾರ?" ಎಂದೆ.

"ಹೆಂಗ ತೆಗೀಲಿ ಅಣ್ಣಾರ? ನಾ ಇಲ್ಲಿ ಅವ್ರ ಸರ್ಕಾರದ ಮ್ಯಾಲ ಕೇಸ್ ಹಾಕಿ ಶಾಪಾ ಹಾಕಾಕತ್ತಿದ್ದೆ. ಅಲ್ಲೆ ಕುಂತ ಯಾರೋ ಪುಣ್ಯಾತಗಿತ್ತಿ, ನನ್ನ ಮುಖಾ ನೋಡದಽ, ನನ್ನ ಸಲವಾಗಿ ಕುಣಕಿ ಕಾಯಾಕತ್ತಿದ್ಲು."

ಕೋರ್ಟಿನಲ್ಲಿ ಇಷ್ಟು ವರ್ಷ ಕಳೆದೆ, ಇಂಥ ಸಾಕ್ಷಿ ಎಂದೂ ನೋಡಿರಲಿಲ್ಲ. ಯಾವ ದೇಶದ ಕಡೆ ಮುಖ ಮಾಡಿ ಕೈ ಮುಗಿಯಬೇಕೋ ತಿಳಿಯದೆ, ಆ ಬಟ್ಟೆಗೇ ಕೈ ಮುಗಿದೆ.